ದೋಣಿಯ ಮುಂದೆ ನಕ್ಕವನು

ಈಗೀಗ ಯಾರಾದರೂ ನಕ್ಕರೆ ನನ್ನ ಕಿವಿ ತಾನಾಗಿಯೇ ಆ ಕಡೆ ತಿರುಗುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ನಕ್ಕರೆ, ಕಿರಾಣಿ ಅಂಗಡಿಯಲ್ಲಿ ಇಬ್ಬರು ಮಾತಾಡುತ್ತ ನಕ್ಕರೆ, ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತ ನಿಲ್ಲುತ್ತೇನೆ. ನಗು ಹೇಗೆ ಶುರುವಾಯಿತು, ಎಲ್ಲಿ ಒಡೆಯಿತು, ಕೊನೆಗೆ ಉಸಿರು ಒಳಗೆ ಹೋಯಿತೋ ಹೊರಗೆ ಬಂತೋ ಎಂದು ನೋಡುತ್ತೇನೆ. ಮೊನ್ನೆ ತರಕಾರಿ ಮಾರುವವಳು, "ಯಾಕ್ರೀ ಅಕ್ಕಾರ, ಬದನೀಕಾಯಿ ಆರಸೂದು ಬಿಟ್ಟು ನನ್ನ ಬಾಯಿ ನೋಡಾಕತ್ತೀರಿ?" ಎಂದು ಕೇಳಿಯೇ ಬಿಟ್ಟಳು. ಗಂಡ ಹೋದ ಹೆಂಗಸು, ತಲೆ ಸ್ವಲ್ಪ ಅತ್ತಿತ್ತ ಆಗಿರಬೇಕು ಎಂದು ಅವಳಿಗೆ ಅನ್ನಿಸಿರಬಹುದು. ಹಾಗೆ ಅನ್ನಿಸಿಕೊಳ್ಳುವುದರಲ್ಲಿ ಒಂದು ಅನುಕೂಲವೂ ಇದೆ. ಯಾರೂ ಜಾಸ್ತಿ ಪ್ರಶ್ನೆ ಕೇಳುವುದಿಲ್ಲ.

ಈ ಚಟ ಹತ್ತಿದ್ದು ಹೇಗೆಂದು ಹೇಳಬೇಕಾದರೆ ನಮ್ಮವರ ವಿಷಯ ಹೇಳಬೇಕು. ನಮ್ಮವರು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ತೂಗುವ ಕೆಲಸ ಮಾಡುತ್ತಿದ್ದರು. ರಾಣೆಬೆನ್ನೂರಿನ ನಮ್ಮ ಮನೆಯಿಂದ ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದರು. ಬರುವಾಗ ಅವರ ಅಂಗಿಯಿಂದ ಘಾಟು ಬರುತ್ತಿತ್ತು. ನಾನು ಬಾಗಿಲು ತೆರೆಯುವ ಮೊದಲೇ ಸೀನುತ್ತಿದ್ದೆ. ಅದು ಹೊಟ್ಟೆಪಾಡು. ಅದರಾಚೆ ಅವರು ದೇವರಗುಡ್ಡದ ಮಾಲತೇಶ ದೇವರ ಗೊರವಪ್ಪ. ಅವರ ಮನೆತನದಲ್ಲಿ ಹಿರಿಯ ಮಗನನ್ನು ದೇವರಿಗೆ ಬಿಡುವ ಪದ್ಧತಿ. ಕರಿ ಕಂಬಳಿಯ ನಿಲುವಂಗಿ, ಕವಡೆ ಸರ, ಕೈಯಲ್ಲಿ ಡಮರುಗ. ಹರಕೆ ಹೊತ್ತವರ ಮನೆಯಲ್ಲಿ ದೋಣಿ ತುಂಬಿಸುವ ಸೇವೆ ಇದ್ದರೆ ಇವರಿಗೆ ಕರೆ ಬರುತ್ತಿತ್ತು.

ದೋಣಿ ಎಂದರೆ ನೀರಿನ ಮೇಲೆ ತೇಲುವುದಲ್ಲ ಎಂದು ನಿಮಗೆ ಗೊತ್ತಿದ್ದರೂ ಹೇಳುತ್ತೇನೆ. ಅದೊಂದು ಅಗಲ ಬಾಯಿಯ ಮರದ ಪಾತ್ರೆ. ಅದರೊಳಗೆ ಅನ್ನ, ಹಾಲು, ತುಪ್ಪ, ಬಾಳೆಹಣ್ಣು, ಸಕ್ಕರೆ ಹಾಕಿ ಕಲಸುತ್ತಾರೆ. ಗೊರವಪ್ಪಗಳು ಸುತ್ತ ಮೊಣಕಾಲೂರಿ, ಕೈ ಮುಟ್ಟಿಸದೆ, ಬೊಗಳುತ್ತ, ಗುರುಗುಟ್ಟುತ್ತ, ಒಬ್ಬರನ್ನೊಬ್ಬರು ನೂಕುತ್ತ ಬಾಯಿ ಹಾಕಿ ತಿನ್ನುತ್ತಾರೆ. ಮಾಲತೇಶ ರಾಕ್ಷಸರನ್ನು ಹೊಡೆಯಲು ಹೊರಟಾಗ ಜೊತೆಗೆ ನಾಯಿಗಳು ಓಡಿದವಂತೆ. ಗೊರವಪ್ಪಗಳು ಆ ನಾಯಿಗಳ ಜಾಗದಲ್ಲಿ ಇರುವವರು.

ನನ್ನ ತವರು ಮೇಡ್ಲೇರಿ. ಅಲ್ಲಿಂದ ದೇವರಗುಡ್ಡ ದೂರವೇನಲ್ಲ. ಆದರೂ ನಮ್ಮ ಮನೆಯಲ್ಲಿ ಗೊರವಪ್ಪಗಳು ಯಾರೂ ಇರಲಿಲ್ಲ. ಈ ಸಂಬಂಧ ಗೊತ್ತಾದಾಗ, ಹೊಳೆಗೆ ಬಟ್ಟೆ ಒಗೆಯಲು ಬರುತ್ತಿದ್ದ ಗೆಳತಿಯರಿಗೆ ಹಬ್ಬ. "ನಿನ್ನ ಗಂಡ ಬೊಗಳತಾನಂತಲ್ಲ, ಕಚ್ಚತಾನೇನು ನೋಡ್ಕೊಳ್ಳವಾ!" ಎಂದು ಕಲ್ಲಿನ ಮೇಲೆ ಬಟ್ಟೆ ಬಡಿಯುತ್ತ ನಗುತ್ತಿದ್ದರು. ನಾನೂ ನಕ್ಕಿದ್ದೆ. ಮದುವೆಯಾಗಿ ಬಂದ ಮೇಲೆ ಒಂದು ದಿನ ಧೈರ್ಯ ಮಾಡಿ ಕೇಳಿದೆ, ಹಂಗ ಬೊಗಳಾಕ ನಿಮಗ ನಾಚಿಕಿ ಆಗೂದಿಲ್ಲೇನು ಎಂದು.

ಅವರು ರೊಟ್ಟಿ ಮುರಿಯುತ್ತ ಹೇಳಿದರು, "ಅಲ್ಲಿ ಅವನ ಮುಂದ ಬೊಗಳಿ ಬರತೇನಲ್ಲ, ಅದಕ್ಕ ಮನಿಯಾಗ ಬೊಗಳೂದಿಲ್ಲ. ನಿಮ್ಮಪ್ಪ ಎಲ್ಲಿ ಬೊಗಳತಾನ ಹೇಳು?"

ನಮ್ಮಪ್ಪ ಮನೆಯಲ್ಲೇ ಬೊಗಳುತ್ತಿದ್ದ.

ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿ ಇದ್ದನಂತೆ. ನಮ್ಮವರನ್ನು ಕರೆಯಬೇಕಾದಾಗ ಹೆಸರು ಹಿಡಿಯುತ್ತಿರಲಿಲ್ಲ. ನಾಯಿಯನ್ನು ಕರೆಯುವಂತೆ ನಾಲಿಗೆಯಿಂದ ಲೊಚಲೊಚ ಎನ್ನುತ್ತಿದ್ದ. ಹಮಾಲರೆಲ್ಲ ನಗುತ್ತಿದ್ದರು. ಇವರು ಹೋಗಿ ನಿಂತು, "ಏನ್ರಿ ಸಾವಕಾರ್ರ?" ಎನ್ನುತ್ತಿದ್ದರಂತೆ. ಇದನ್ನು ಅವರೇ ಬಂದು ನನಗೆ ಹೇಳಿದರು. ನನಗೆ ಮೈ ಉರಿದು ಹೋಯಿತು.

"ನೀವು ಸುಮ್ಮನ ಕೇಳ್ಕೊಂಡು ಬಂದ್ರಿ?"

"ದೋಣಿಗೆ ಬಾಯಿ ಹಾಕುವಾಗ ನಾ ಏನಂತೇನಿ? ಯಪ್ಪಾ, ನಾ ನಿನ್ನ ನಾಯಿ ಅಂತೇನಿ. ಅವ ಅದನ್ನ ನಾಕ ಮಂದಿ ಮುಂದ ಹೇಳಿದ. ನಾಯಿಗೆ ನಾಯಿ ಅಂದ್ರ ಸಿಟ್ಟು ಯಾಕ ಬರಬೇಕು?"

ಕೇಳಲು ಚೆನ್ನಾಗಿತ್ತು. ಆದರೆ ನಾನು ಎದುರಿಗೆ ಕುಳಿತು ತಟ್ಟೆ ನೋಡುತ್ತಿದ್ದೆ. ಅಂಥ ದಿನಗಳಲ್ಲಿ ಅವರು ರೊಟ್ಟಿಯನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದರು. ಬಾಯಿಗೆ ಹೋಗುತ್ತಿದ್ದದ್ದು ಕಡಿಮೆ. ಆದ್ದರಿಂದ ಅವರ ಶಾಂತಿಯ ಮೇಲೆ ನನಗೆ ಮೊದಲಿನಿಂದಲೂ ಒಂದು ಅನುಮಾನ. ಸಿಟ್ಟು ಬರುತ್ತಿರಲಿಲ್ಲವೋ, ಬಂದದ್ದನ್ನು ನುಂಗುವ ಅಭ್ಯಾಸವಾಗಿತ್ತೋ? ಕೇಳಿದ್ದರೆ ಹೇಳುತ್ತಿದ್ದರೇನೋ. ಕೇಳುವುದಕ್ಕೆ ಬಹಳ ಕಾಲವಿದೆ ಎಂದುಕೊಂಡಿದ್ದೆ.

ಕಾಲ ಇರಲಿಲ್ಲ. ಹೋದ ಮಳೆಗಾಲಕ್ಕೆ ಮುಂಚೆ, ಮಾರ್ಕೆಟ್ಟಿಗೆ ಹೋಗಲು ಚಪ್ಪಲಿ ಮೆಟ್ಟುವಾಗ ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತರು. ಎದ್ದೇಳಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂತು. ಹಾಲಿನ ದರ, ನೀರು ಬಿಡುವ ಹೊತ್ತು, ಕಳೆದುಹೋದ ಕೀಲಿಕೈ, ಇಂಥವು ಬರುವ ಗ್ರೂಪು. ನಾನು ಕನ್ನಡಕ ಹಾಕಿಕೊಂಡು ಒತ್ತಿದೆ. ಮೇಲೆ ದಪ್ಪ ಅಕ್ಷರದಲ್ಲಿ "ದೇವರ ಹೆಸರಲ್ಲಿ ನಾಯಿಗಳ ಊಟ" ಎಂದು ಬರೆದಿತ್ತು. ಹಿಂದೆ ಯಾವುದೋ ಕುಣಿತದ ಹಾಡು. ನಡುವೆ ಮೊಣಕಾಲೂರಿ ದೋಣಿಗೆ ಬಾಯಿ ಹಾಕಿ ಬೊಗಳುತ್ತಿದ್ದವರು ನಮ್ಮವರು. ಗಡ್ಡಕ್ಕೆಲ್ಲ ಹಾಲು. ಕೊನೆಯಲ್ಲಿ ವಿಡಿಯೊ ಮಾಡಿದವನ ನಗು. ಅಷ್ಟೇ, ಅಲ್ಲಿಗೆ ಕತ್ತರಿಸಿತ್ತು.

ಅದು ಅವರು ಹೋಗುವುದಕ್ಕೆ ಕೆಲವು ತಿಂಗಳು ಮುಂಚೆ ಹಾವೇರಿಯಲ್ಲಿ, ನಮ್ಮ ನಾದಿನಿಯ ಹೊಸ ಮನೆಯ ಪೂಜೆಯಲ್ಲಿ ತೆಗೆದದ್ದು ಎಂದು ಗೋಡೆಯ ಬಣ್ಣ ನೋಡಿಯೇ ಗೊತ್ತಾಯಿತು. ಆ ಹಸಿರು ಬಣ್ಣವನ್ನು ಬೇರೆ ಯಾರೂ ಬಳಿಸುವುದಿಲ್ಲ.

ಸ್ವಲ್ಪ ಹೊತ್ತಿಗೆ ವಿಡಿಯೊ ಮಾಯವಾಯಿತು; ಹಾಕಿದವರು ಅಳಿಸಿದ್ದರು. ಅಷ್ಟರಲ್ಲಿ ಅದು ನನ್ನ ಫೋನಿನೊಳಗೆ ಇಳಿದು ಕುಳಿತಿತ್ತು. ಮರುದಿನದಿಂದ ಓಣಿಯವರು ತಾವಾಗಿಯೇ ಬಂದು "ನಾ ನೋಡಿಲ್ರೀ" ಎನ್ನತೊಡಗಿದರು. ಕೇಳದೆ ಯಾಕೆ ಹೇಳಬೇಕು? ಹಾಲಿನವನು ಹೇಳಿದ. ಎದುರು ಮನೆಯ ಮೇಷ್ಟ್ರು ಹೇಳಿದರು. ಗ್ರೂಪಿಗೆ ಹಾಕಿದಾಕೆ, "ನನಗ ಯಾರೋ ಕಳಿಸಿದ್ರು, ನಿಮ್ಮವರು ಅಂತ ಗೊತ್ತಾಗಲಿಲ್ರಿ" ಎಂದು ಅತ್ತಳು. ನಮ್ಮ ಕಡೆ ಕೆಟ್ಟದ್ದನ್ನೆಲ್ಲ ಮಾಡುವವನ ಹೆಸರು ಯಾರೋ. ಅವನ ಮನೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಮೈದುನ ಮಾಲತೇಶನಿಗೆ ಸುದ್ದಿ ಮುಟ್ಟಿತು. ದೇವರ ಹೆಸರನ್ನೇ ಇಟ್ಟುಕೊಂಡವನು, ಸಿಟ್ಟೂ ದೇವರದ್ದೇ. ಮೋಟರ್ ಸೈಕಲ್ ಅಂಗಳದಲ್ಲಿ ಬಿಟ್ಟು ಒಳಗೆ ಬಂದವನ ಕಣ್ಣು ಕೆಂಪಗಿತ್ತು.

"ವೈನೀ, ಇದು ಅಣ್ಣಗ ಒಬ್ಬವಗ ಮಾಡಿದ ಅವಮಾನ ಅಲ್ಲ. ನಮ್ಮ ದೇವರಿಗೆ ಮಾಡಿದ್ದು. ಹಿಂದಿನ ಓಣಿಯವರದೇ ಕೆಲಸ ಇದು."

ಹಿಂದಿನ ಓಣಿಯಲ್ಲಿ ಮುಸಲ್ಮಾನರ ಮನೆಗಳಿವೆ. ಅವನ ಸಂಶಯ ಯಾವಾಗಲೂ ಮೊದಲು ಅಲ್ಲಿಗೇ ಹೋಗುತ್ತದೆ, ದಾರಿ ರೂಢಿಯಾಗಿದೆ.

"ಅವರು ಯಾರೂ ಆ ಪೂಜಿಗೆ ಬಂದಿರಲಿಲ್ಲೋ" ಎಂದೆ.

"ಯಾರರ ಇರ್ಲಿ. ಸಿಗಲಿ ಮಗ. ಹುಡುಗರಿಗೆ ಹೇಳೇನಿ. ಹಿಡಕೊಂಡು ಬಂದು ಗುಡ್ಡದ ಮ್ಯಾಲ, ಎಲ್ಲಾರ ಮುಂದ ಮೊಣಕಾಲ ಊರಿಸಿ ಬೊಗಳಸ್ತೇನಿ. ಬೊಗಳಸಿ ವಿಡಿಯೊ ಮಾಡ್ತೇನಿ."

ನನಗೆ ಮಾತು ಕಡಿಮೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ವಾದ ಮಾಡಿ ಗೆದ್ದದ್ದು ನೆನಪಿಲ್ಲ. ಆ ದಿನ ಮಾತ್ರ ಬಾಯಿಗೆ ಬಂತು. "ನಿಮ್ಮಣ್ಣ ಹರಕಿ ಅಂತ ಮಾಡಿದ್ದನ್ನ ನೀ ಶಿಕ್ಷಾ ಅಂತ ಮಾಡಸ್ತಿ? ಬೊಗಳೂದು ಮಾನ ಹೋಗೂ ಕೆಲಸ ಅಂತ ನೀನ ಒಪ್ಪಿದಂಗಾತಲ್ಲೋ. ನಕ್ಕವಗೂ ನಿನಗೂ ಏನು ಫರಕ ಉಳೀತು?"

ಅವನು ನನ್ನನ್ನು ದಿಟ್ಟಿಸಿದ. ಗಾಡಿ ಒದ್ದು ಹೋದ. ಹುಡುಗರಿಗೆ ಹೇಳಿದ್ದನ್ನು ವಾಪಸ್ಸು ತೆಗೆದುಕೊಂಡನೇ? ಇಲ್ಲ ಎಂದು ಅವನ ಬೆನ್ನೇ ಹೇಳುತ್ತಿತ್ತು.

ಅಲ್ಲಿಂದ ನನ್ನ ಪತ್ತೇದಾರಿ ಶುರು. ಅವನಿಗಿಂತ ಮೊದಲು ಆ ಮನುಷ್ಯ ನನಗೆ ಸಿಗಬೇಕು ಎಂದು ತೀರ್ಮಾನಿಸಿದೆ. ನನ್ನ ಹತ್ತಿರ ಇದ್ದದ್ದು ಅವನ ನಗು ಒಂದೇ. ಮೊದಲು ಗಂಟಲಿನಲ್ಲಿ ಕುದಿಯುವ ಸದ್ದು, ಆಮೇಲೆ ಫಕ್ಕನೆ ಒಡೆಯುವುದು, ಕೊನೆಗೆ ಬಿಕ್ಕಳಿಕೆ ಬಂದಂತೆ ಉಸಿರು ಒಳಗೆಳೆದುಕೊಳ್ಳುವುದು. ಅದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಪೂಜೆಗೆ ಬಂದಿದ್ದ ನೆಂಟರನ್ನು ಒಬ್ಬೊಬ್ಬರಾಗಿ ಮಾತಾಡಿಸಲು ಹೋದೆ. ಆದರೆ ಗಂಡ ಸತ್ತವಳ ಮುಂದೆ ಯಾರು ನಗುತ್ತಾರೆ? ನಾನೇ ನಗಿಸಬೇಕಾಯಿತು. ಜನ್ಮದಲ್ಲಿ ಒಂದು ಚೇಷ್ಟೆ ಮಾಡಿ ಗೊತ್ತಿಲ್ಲದವಳು, ಕುಂಕುಮವಿಲ್ಲದ ಹಣೆಯಲ್ಲಿ ಮನೆಮನೆಗೆ ಹೋಗಿ ಕುಳಿತು, ನಗೆಹನಿ ಹೇಳತೊಡಗಿದೆ. ಅವರು ಗಾಬರಿಯಾಗಿ ನೀರು ಕೊಡುತ್ತಿದ್ದರು. ನಾದಿನಿಯ ಗಂಡ, "ತಂಗೀ, ಡಾಕ್ಟರಿಗೆ ತೋರಸೋಣೇನು?" ಎಂದ.

ಹಿಂದಿನ ಓಣಿಯ ಮಮ್ತಾಜ ನನ್ನ ಬಳಿ ಬ್ಲೌಸು ಹೊಲಿಸಲು ಬರುವವಳು. ಅವಳ ಮುಂದೂ ಒಂದು ಹೇಳಿದೆ. ಅವಳು ನಗಲಿಲ್ಲ. ಅಳತೆಯ ಟೇಪು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟು, "ಅಕ್ಕಾ, ನಿಮ್ಮ ಮೈದುನ ಮೂರು ಸರ್ತಿ ನಮ್ಮ ಓಣ್ಯಾಗ ಗಾಡಿ ನಿಂದರಿಸಿ ನೋಡಿ ಹೋಗ್ಯಾನ. ನೀನೂ ಈಗ ನಮ್ಮ ಮ್ಯಾಲ ಸಂಶಯ ಪಡತೀಯೇನು?" ಎಂದಳು. ನನಗೆ ತಲೆ ಎತ್ತಲಾಗಲಿಲ್ಲ. ಅವಳೇ ಮುಂದುವರಿಸಿದಳು, "ನಗು ಬೇಕಂದ್ರ ನಗತೇನಿ, ತಗೋ." ಹಲ್ಲು ಕಿರಿದು ಹಿಹಿಹಿ ಎಂದಳು. ಆಮೇಲೆ ಇಬ್ಬರಿಗೂ ಖರೇ ನಗು ಬಂತು. ನಮ್ಮವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಬ್ಯಾಡಗಿಗೂ ಹೋದೆ. ಅಲ್ಲಿಯ ಹಮಾಲರು ಕೆಲವರು ಪೂಜೆಗೆ ಬಂದಿದ್ದರು. ಆದರೆ ಮೆಣಸಿನಕಾಯಿಯ ಹಂಗಾಮಿನಲ್ಲಿ ಆ ಮಾರ್ಕೆಟ್ಟಿನಲ್ಲಿ ನಗುವನ್ನು ಗುರುತಿಸುವುದು ದೇವರಿಂದಲೂ ಸಾಧ್ಯವಿಲ್ಲ. ಅಲ್ಲಿ ಎಲ್ಲರ ನಗುವೂ ಕೆಮ್ಮಾಗಿ ಸೀನಾಗಿ ಮುಗಿಯುತ್ತದೆ. ಕಣ್ಣಲ್ಲಿ ನೀರು ಸುರಿಸುತ್ತ ವಾಪಸ್ಸು ಬಂದೆ. ಘಾಟಿನದೋ ಅಳುವಿನದೋ ಎಂದು ಯಾರೂ ಕೇಳದ ಊರು ಅದೊಂದೇ.

ಹೀಗೆ ನಗುವನ್ನು ಹೋಲಿಸಲು ದಿನವೂ ವಿಡಿಯೊ ಹಚ್ಚುತ್ತಿದ್ದೆ. ಒಂದು ಮಧ್ಯಾಹ್ನ ಹೊಳೆಯಿತು: ನಾನು ನಗು ಬರುವ ತನಕ ಕಾಯುತ್ತಿಲ್ಲ. ಮೊದಲು ಬರುವ ಬೊಗಳಿಕೆಯನ್ನು ಕೇಳುತ್ತಿದ್ದೇನೆ. ಅದು ಅವರ ಗಂಟಲು. ಅವರ ಧ್ವನಿ ನನ್ನ ಬಳಿ ಬೇರೆಲ್ಲೂ ಇಲ್ಲ. ಅವರು ಫೋಟೊಕ್ಕೆ ನಿಂತದ್ದಿದೆ, ಫೋನಿನಲ್ಲಿ ಮಾತಾಡಿದ್ದು "ಹೂಂ, ಬಂದೆ" ಅಷ್ಟೇ, ಅದನ್ನು ಯಾರು ಹಿಡಿದಿಟ್ಟುಕೊಳ್ಳುತ್ತಾರೆ? ಲೋಕದಲ್ಲಿ ಅವರ ಧ್ವನಿ ಉಳಿದಿದ್ದರೆ ಅದು ನಕ್ಕವನ ಫೋನಿನಲ್ಲಿ, ಕತ್ತರಿಸದೆ ಉಳಿದ ಭಾಗದಲ್ಲಿ. ಮಾಲತೇಶನ ಹುಡುಗರು ಮೊದಲು ಹೋದರೆ ಅವನು ಏಟು ತಿನ್ನುತ್ತಾನೆ. ತಿನ್ನುವ ಮೊದಲು ಎಲ್ಲವನ್ನೂ ಅಳಿಸುತ್ತಾನೆ. ಅಂದಿನಿಂದ ನನಗೆ ನಕ್ಕವನಿಗಿಂತ ಮೈದುನನ ಮೇಲೆಯೇ ಹೆಚ್ಚು ಸಂಶಯ. ಅವನ ಗಾಡಿಯ ಸದ್ದು ಕೇಳಿದರೆ, ಇವನಿಗೇನಾದರೂ ಗೊತ್ತಾಯಿತೇ ಎಂದು ಮುಖ ಓದುತ್ತಿದ್ದೆ.

ವರ್ಷದ ಕಾರ್ಯ ಹತ್ತಿರ ಬಂತು. ಅದನ್ನು ಹಾವೇರಿಯಲ್ಲಿ ನಾದಿನಿಯ ಮನೆಯಲ್ಲೇ ಮಾಡುವುದೆಂದಾಯಿತು. ದೋಣಿ ತುಂಬಿಸುವುದು ಬೇಡ, ಮತ್ತೆ ಯಾರಾದರೂ ವಿಡಿಯೊ ಮಾಡುತ್ತಾರೆ ಎಂದು ಮಾಲತೇಶ. ಬೇಕು ಎಂದು ನಾನು. ಮಾತು ಅಲ್ಲಿಗೇ ನಿಂತಿತ್ತು. ಭಜನೆಗೆ ಮೈಕಾದರೂ ಹೇಳಿ ಬರೋಣವೆಂದು ಇಬ್ಬರೂ ಹಾವೇರಿಗೆ ಹೋದೆವು. ಮೈಕ್ ಸೆಟ್ಟಿನ ಅಂಗಡಿ ಚಿಕ್ಕದು, ತುಂಬ ವೈರು, ಸ್ಪೀಕರಿನ ಡಬ್ಬಿ. ಮಾಲೀಕ ಪ್ರಕಾಶ ಎನ್ನುವವನು, ಮೂವತ್ತೈದರ ಆಸುಪಾಸು, ಹಣೆಯ ಮೇಲೆ ವಿಭೂತಿ. ಒಂದು ಮೈಕು ಕೈಯಲ್ಲಿ ಹಿಡಿದು "ಹಲೋ, ಹಲೋ" ಎಂದು ನೋಡುತ್ತಿದ್ದ. ಎದುರು ಅಂಗಡಿಯವನು ಕೂಗಿ ಹೇಳಿದ, "ಪ್ರಕಾಶಾ, ನಿನ್ನ ಹೇಣ್ತಿ ಕರದ್ರ ಕೇಳಸೂದಿಲ್ಲ, ನಿನಗ್ಯಾಕಲೇ ಮೈಕು!"

ಪ್ರಕಾಶ ನಕ್ಕ. ಮೈಕಿನಲ್ಲಿ ನಕ್ಕ. ಗಂಟಲಲ್ಲಿ ಕುದಿದು, ಫಕ್ಕನೆ ಒಡೆದು, ಬಿಕ್ಕಳಿಸಿ ಒಳಗೆ ಹೋಯಿತು. ಎದೆಯೆತ್ತರದ ಎರಡು ಡಬ್ಬಿಗಳಿಂದ ಆ ನಗು ಬೀದಿಗೆಲ್ಲ ಕೇಳಿಸಿತು.

"ಯಾಕ ವೈನೀ? ಮಾರಿ ಬೆಳ್ಳಗಾತು" ಎಂದ ಮಾಲತೇಶ. ಅವನು ವಿಡಿಯೊವನ್ನು ಒಮ್ಮೆ ಮಾತ್ರ ನೋಡಿದ್ದ. ಸಿಟ್ಟಿನಲ್ಲಿ ನೋಡಿದವನಿಗೆ ನಗು ನೆನಪಿರುವುದಿಲ್ಲ.

"ಏನಿಲ್ಲ. ಆವಾಜ ಕಿವಿಗೆ ಬಡೀತು. ಚಹಾ ತಗೊಂಡು ಬಾರೋ, ತಲಿ ನೋಯಾಕತ್ತೈತಿ."

ಅವನು ಹೋದ. ನಾನು ಡಬ್ಬಿಯ ಮೇಲೆ ಕೈಯೂರಿ ನಿಂತು ಕೇಳಿದೆ, "ತಮ್ಮಾ, ಹೋದ ವರ್ಷ ಹಸರ ಬಣ್ಣದ ಮನ್ಯಾಗ ಮಾಲತೇಶನ ಪೂಜಿ ಇತ್ತಲ್ಲ, ಮೈಕ್ ನಿಂದಲ್ಲೇನು?"

"ಹೌದ್ರಿ ಅವ್ವಾರ."

"ದೋಣಿ ತುಂಬಿಸಿದ್ದನ್ನ ಫೋನಿನ್ಯಾಗ ಹಿಡದಿ."

ವೈರು ಸುತ್ತುತ್ತಿದ್ದ ಅವನ ಕೈ ನಿಂತಿತು.

"ಅದರಾಗ ಹಾಲಿನ ಗಡ್ಡದವರು ನಮ್ಮವರು. ಈಗಿಲ್ಲ."

ಅವನ ಮುಖ ಸಣ್ಣದಾಯಿತು. "ನಾ ಬರೇ ಸ್ಟೇಟಸ್ ಇಟ್ಟಿದ್ದೆ ಅವ್ವಾರ. ಆ ಹಾಡು, ಆ ಅಕ್ಷರ ನಂದಲ್ರಿ. ಯಾರೋ ತಗೊಂಡು..."

ಮತ್ತೆ ಯಾರೋ. ನಂಬಿದೆನೇ? ಇಲ್ಲ. ಇವತ್ತಿಗೂ ಪೂರಾ ನಂಬಿಲ್ಲ.

"ನಗು?"

ಅವನು ನೆಲ ನೋಡಿದ. "ನಗು ನಂದ್ರಿ."

"ಪೂರಾ ವಿಡಿಯೊ ಐತೇನು?"

"ಅಳಿಸೇನ್ರಿ. ಪೊಲೀಸ್ ಕೇಸ್ ಆಗತೈತಿ ಅಂದ್ರು."

"ತಮ್ಮಾ, ಹೊರಗ ಹೋದವ ಅವರ ತಮ್ಮ. ನಿನ್ನ ಹುಡುಕಾಕತ್ತಾನ. ನಾ ಅವಗ ಹೇಳೂದಿಲ್ಲ. ನನಗ ಕೇಸ್ ಬ್ಯಾಡ, ಬೈಗುಳ ಬ್ಯಾಡ. ಅವರ ಧ್ವನಿ ನನ್ನ ಹತ್ರ ಬ್ಯಾರೆ ಎಲ್ಲಿಯೂ ಇಲ್ಲ."

ಬಲೆ ಹಾಕುತ್ತಿದ್ದಾಳೆಯೇ ಎಂದು ಅವನಿಗೂ ಸಂಶಯ. ಕೊನೆಗೆ ಮೇಜಿನ ಡ್ರಾ ಎಳೆದು ಗಾಜು ಸೀಳಿದ ಒಂದು ಹಳೆಯ ಫೋನು ತೆಗೆದ. ಅಳಿಸಿದೆ ಎಂದದ್ದು ಸುಳ್ಳು. ಆ ಸುಳ್ಳಿಗೆ ನಾನು ಒಳಗೊಳಗೇ ಕೈ ಮುಗಿದೆ.

ವಿಡಿಯೊ ಓಡಿತು. ಹಾಡಿಲ್ಲ, ಅಕ್ಷರವಿಲ್ಲ. ಬೊಗಳಿಕೆ, ಡಮರುಗ, ಮಂದಿ "ಏಳುಕೋಟಿ" ಎಂದು ದೇವರಿಗೆ ಜೈಕಾರ ಕೂಗುವುದು. ನಗು ಬಂತು. ಕತ್ತರಿಸಿದ ಜಾಗ ದಾಟಿತು. ನಮ್ಮವರು ತಲೆ ಎತ್ತಿದರು. ಕಂಬಳಿಯ ತೋಳಿನಿಂದ ಬಾಯಿ ಒರೆಸಿಕೊಂಡು ನೇರ ನಮ್ಮ ಕಡೆ ನೋಡಿದರು.

"ಯಾಕ ತಮ್ಮಾ, ನಗು ಬಂತೇನು? ಬರಲಿ ಬಿಡು. ಮುಂಜಾನಿಂದ ವೈರ್ ಎಳಿಯಾಕತ್ತೀದಿ, ಉಂಡೀಯೇನು?"

"ಇಲ್ರಿ ಅಜ್ಜಾರ."

"ಬಾ, ಉಣ್ಣು." ಅವರು ಒಳಮನೆಯ ಕಡೆ ತಿರುಗಿ ಕೂಗಿದರು, "ಏ, ಇಲ್ಲೊಂದು ಎಲಿ ಹಾಕು, ಈ ಹುಡುಗ ಹಸದಾನ."

ದೂರದಿಂದ, ಪಾತ್ರೆಗಳ ಸದ್ದಿನ ನಡುವೆ ಒಂದು ಹೆಂಗಸಿನ ಧ್ವನಿ: "ಹಾಕೇನ್ರಿ, ಕಳಸ್ರಿ."

ಅದು ನಾನು. ಇವನಿಗೆ ನಾನೇ ಬಡಿಸಿದ್ದೆ. ಮುಖ ನೆನಪಿರಲಿಲ್ಲ.

"ಉಂಡೇನ್ರಿ ಅವತ್ತು" ಎಂದ ಪ್ರಕಾಶ, ಮೆಲ್ಲಗೆ. "ಎರಡು ಸರ್ತಿ ಹಾಕಿಸ್ಕೊಂಡೇನಿ."

ಹಿಂದೆ ಗಾಜಿನ ಲೋಟಗಳು ಕಿಣಿ ಎಂದವು. ಮಾಲತೇಶ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಚಹಾ ಅವನ ಬೆರಳುಗಳ ಮೇಲೆ ತುಳುಕುತ್ತಿತ್ತು, ಬಿಸಿ ಅವನಿಗೆ ಗೊತ್ತಾಗುತ್ತಿರಲಿಲ್ಲ. ಲೋಟಗಳನ್ನು ಡಬ್ಬಿಯ ಮೇಲಿಟ್ಟು ಒಳಗೆ ಬಂದ. ಪ್ರಕಾಶ ಗೋಡೆಗೆ ಸರಿದ. ಮಾಲತೇಶನ ಕೈ ಫೋನಿನ ಕಡೆ ಚಾಚಿತು. ನೆಲಕ್ಕೆ ಬಡಿಯುತ್ತಾನೆ ಎಂದುಕೊಂಡು ನಾನು ಅವನ ಮಣಿಕಟ್ಟು ಹಿಡಿದೆ.

"ಬಿಡ್ರಿ ವೈನೀ" ಎಂದ. ಪ್ರಕಾಶನ ಮುಖ ನೋಡದೆ, ನಿಂತುಹೋದ ಆ ಚಿತ್ರವನ್ನೇ ನೋಡುತ್ತ ಹೇಳಿದ, "ಇನ್ನೊಮ್ಮೆ ಹಚ್ಚೋ. ಆವಾಜ ಏರಸು."